ಟೆನ್ಸ್ ಪ್ಯಾಡ್ ಮರಗಟ್ಟಿದ ಪಾದಕ್ಕಲ್ಲ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರು, ಸರ್ಪಸುತ್ತು ಮಾಯ್ದು ತಿಂಗಳುಗಳಾದರೂ ಪಕ್ಕೆ ಕುಟುಕುವವರು ಈಗ ಟೆನ್ಸ್ ಯಂತ್ರವನ್ನು (ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟಿನಿಂದ ನೋವು ತಗ್ಗಿಸುವ ಯಂತ್ರ) ಮನೆಗೇ ತರಿಸಿಕೊಳ್ಳುತ್ತಿದ್ದಾರೆ. ಒಳಗಿರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನದು. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ಹಿರಿಯರಿಗೆ ಅದನ್ನು ಓದಲು ಬಾರದು. ಹಾಗಾಗಿ ನೋವಿದ್ದಲ್ಲೇ ಪ್ಯಾಡ್ ಅಂಟಿಸಿ ಗುಂಡಿ ತಿರುಗಿಸುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಮೊಣಕೈಗೆ ಪೆಟ್ಟು ಬಿದ್ದರೆ ತಿಕ್ಕಿಕೊಳ್ಳುತ್ತೇವಲ್ಲ, ಟೆನ್ಸ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಸಣ್ಣ ವಿದ್ಯುತ್ ಮಿಡಿತದಿಂದ ಸ್ಪರ್ಶದ ದಪ್ಪ ನರತಂತುಗಳು ಎಚ್ಚೆತ್ತು, ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಗ್ಗಿಸುತ್ತವೆ. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ, ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿ ಬಾಗಿಲಿದ್ದಂತೆ ಎನ್ನುವ ‘ಗೇಟ್’ ಸಿದ್ಧಾಂತ ಇದರ ಬುನಾದಿ. ಅಂದಮೇಲೆ ಸ್ಪರ್ಶದ ನರ ಕೆಲಸ ಮಾಡುತ್ತಿರಬೇಕು. ಮರಗಟ್ಟಿದ ಅಂಗಾಲಿಗೆ ಪ್ಯಾಡ್ ಹಾಕಿದರೆ ಜುಮ್ಮೆನ್ನುವುದೇ ತಿಳಿಯದು; ‘ಕರೆಂಟೇ ಬರ್ತಾ ಇಲ್ಲ’ ಎಂದು ಏರಿಸುತ್ತಾ ಹೋಗುತ್ತಾರೆ, ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಗಾಯದ ಪಾಡು ಗೊತ್ತಿದ್ದದ್ದೇ.

ಮೊದಲು ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಲ್ಲಿ ಕಾಲ್ಬೆರಳ ತುದಿಯಿಂದ ಮೇಲಕ್ಕೆ ಸವರುತ್ತಾ ಬನ್ನಿ. ಸ್ಪರ್ಶ ಸರಿಯಾಗಿ ತಿಳಿಯುವ ಜಾಗ ಬಂದ ಮೇಲೆಯೇ ಪ್ಯಾಡ್, ಅದು ಮೀನಖಂಡದವರೆಗೆ ಬಂದರೂ ಸರಿ. ಸರ್ಪಸುತ್ತಿನ ನೋವಿಗೆ, ಬಟ್ಟೆ ತಾಗಿದರೂ ಉರಿಯುವ ಚರ್ಮವನ್ನು ಬಿಟ್ಟು, ಅದೇ ನರದ ದಾರಿಯಲ್ಲಿ ಬೆನ್ನುಮೂಳೆಯ ಪಕ್ಕ ಒಂದು, ಉರಿಯ ಅಂಚಿನಾಚೆ ಇನ್ನೊಂದು. ಎದೆಗೂ ಬೆನ್ನಿಗೂ ಎದುರುಬದುರಾಗಿ ಮಾತ್ರ ಹಾಕಬಾರದು.

ಮಿಡಿತದ ವೇಗ 80ರಿಂದ 100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಮಿಡಿತ), ಒಂದೊಂದು ಮಿಡಿತದ ಅವಧಿ 100ರಿಂದ 200 ಮೈಕ್ರೋಸೆಕೆಂಡ್ ಇಟ್ಟು, ಕರೆಂಟನ್ನು, ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಜೋರಾಗಿ ಜುಮ್ಮೆನ್ನಬೇಕು, ಆದರೆ ನೋಯಬಾರದು, ಸ್ನಾಯು ಎಗರಬಾರದು. ಐದಾರು ನಿಮಿಷದಲ್ಲಿ ಜುಮ್ಮು ಮಂಕಾದರೆ ಒಂದಿಷ್ಟೇ ಹೆಚ್ಚಿಸಿ. ಒಂದು ಸಲಕ್ಕೆ 30ರಿಂದ 60 ನಿಮಿಷ. ತೆಗೆಯುವ ಮೊದಲು ಯಂತ್ರ ಆರಿಸಬೇಕು.

ನಮ್ಮೂರಿನ ಬೆವರು, ತೆಂಗಿನೆಣ್ಣೆ ಈ ಪ್ಯಾಡ್‌ಗಳ ಶತ್ರು. ಅಂಚು ಎದ್ದರೆ ಉಳಿದಷ್ಟೇ ಜಾಗದಲ್ಲಿ ಕರೆಂಟು ಕೂಡಿಕೊಂಡು ಸೂಜಿ ಚುಚ್ಚಿದಂತಾಗುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ ಅಂಟಿಸಿ. ಜೆಲ್ ಒಣಗಿದ್ದರೆ ಒಂದು ಹನಿ ನೀರು. ಆಗಲೂ ಹಿಡಿಯದಿದ್ದರೆ ಹೊಸದೇ ಬೇಕು.

ಪೇಸ್‌ಮೇಕರ್ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಲೇಬಾರದು. ಕತ್ತಿನ ಮುಂಭಾಗ, ಗರ್ಭಿಣಿಯ ಹೊಟ್ಟೆ, ಗಾಯ, ಕ್ಯಾನ್ಸರ್ ಗಡ್ಡೆ, ರಕ್ತ ಹೆಪ್ಪುಗಟ್ಟಿದ ಕಾಲು, ಇಲ್ಲೆಲ್ಲಾ ಪ್ಯಾಡ್ ಬೇಡ. ಹಾಕಿಕೊಂಡು ಮಲಗುವುದು, ಗಾಡಿ ಓಡಿಸುವುದೂ ಬೇಡ.

‘ನರ ಗುಣವಾಗುತ್ತದೆ’ ಎಂದು ಮಾರುವವರ ಮಾತನ್ನು ನಂಬಬೇಡಿ. ನರನೋವಿಗೆ ಟೆನ್ಸ್ ಎಷ್ಟು ಉಪಕಾರಿ ಎಂಬುದಕ್ಕೆ ಸಿಕ್ಕ ಪುರಾವೆ ತೀರಾ ದುರ್ಬಲ ಎಂದು ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆಯೇ ಹೇಳಿದೆ. ಕೆಲವರಿಗೆ ಯಂತ್ರ ಓಡುವಾಗಲೂ ಆಮೇಲೆ ಸ್ವಲ್ಪ ಹೊತ್ತೂ ಹಾಯೆನಿಸುತ್ತದೆ, ಅಷ್ಟೇ. ಇದನ್ನು ನೆಚ್ಚಿ ನರನೋವಿಗೆ ಕೊಡುವ ಪ್ರಿಗಾಬಲಿನ್, ಅಮಿಟ್ರಿಪ್ಟಿಲೈನ್ ಮಾತ್ರೆಗಳನ್ನು ತಾವೇ ನಿಲ್ಲಿಸುವುದು ಅಪಾಯ.

ಜಿಲ್ಲೆಯ ಫಿಸಿಯೋಥೆರಪಿ ವಿಭಾಗಗಳು ಇಷ್ಟನ್ನು ಒಂದು ಹಾಳೆಯಲ್ಲಿ, ಒಂದು ಮಗ್ಗುಲಿಗೆ ಮಲಯಾಳಂ, ಇನ್ನೊಂದಕ್ಕೆ ಕನ್ನಡ ಮುದ್ರಿಸಿ ಕೊಡಲಿ. ಪ್ಯಾಡ್ ಎಲ್ಲಿಗೆ ಎಂಬ ಕಾಲಿನ ಚಿತ್ರವೊಂದು ಅದರಲ್ಲಿ ಇರಲೇಬೇಕು.

– ಇಬ್ಬರು ಫಿಸಿಯೋಥೆರಪಿಸ್ಟರು, ಬದಿಯಡ್ಕ