ಗೇಟು ದಾಟಿದ ಹುಡುಗನಿಗೆ ಆ ರಾತ್ರಿಯೇ ಒಂದು ಮನೆ ಬೇಕು

ಮಾನ್ಯ ಸಂಪಾದಕರೇ,

ಹದಿನಾರು, ಹದಿನೇಳರ ಹುಡುಗರು ಚಾಕು ಹಿಡಿದರು, ಮೊಬೈಲ್ ಕಿತ್ತರು ಎಂಬ ಸುದ್ದಿ ಬಂದಾಗಲೆಲ್ಲ ಕಾನೂನು ಸಡಿಲವಾಯಿತು ಎಂಬ ಮಾತು ಏಳುತ್ತದೆ. ಈ ಹುಡುಗರ ನಡುವೆ ಕೆಲಸ ಮಾಡುವವರಿಗೆ ಕಾಣುವ ಕೊರತೆಯೇ ಬೇರೆ. ವಿಚಾರಣೆ ನಡೆಯುವಾಗ ಇರಿಸುವ ವೀಕ್ಷಣಾಲಯದಲ್ಲೋ ತೀರ್ಪಿನ ನಂತರ ಇರಿಸುವ ವಿಶೇಷ ಗೃಹದಲ್ಲೋ ಇರುವಷ್ಟು ದಿನ ಅನ್ನ, ಹಾಸಿಗೆ, ಪಾಠ ಸರ್ಕಾರದ್ದು. ಗೇಟು ದಾಟಿದ ರಾತ್ರಿ ಎಲ್ಲಿ ಮಲಗಬೇಕೆಂದು ಯಾರೂ ಗೊತ್ತುಮಾಡಿರುವುದಿಲ್ಲ. ಅಪ್ಪ ಅಮ್ಮ ಕರೆದುಕೊಳ್ಳದಿದ್ದರೆ ಹಳೆಯ ಗ್ಯಾಂಗೇ ಕರೆದುಕೊಳ್ಳುತ್ತದೆ. ಅದಕ್ಕೆ ಅರ್ಜಿ, ದಾಖಲೆ ಯಾವುದೂ ಬೇಕಿಲ್ಲ.

2015ರ ಬಾಲನ್ಯಾಯ ಕಾಯ್ದೆ ಇದನ್ನು ಮರೆತಿಲ್ಲ. 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ 21ರ ತನಕ ಅನುಪಾಲನೆ, ಅಂದರೆ ಹೊರಬಂದ ಮೇಲಿನ ಆಸರೆ, ಇದೆ. ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ ಮುಂದುವರಿಸಬಹುದೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. 6ರಿಂದ 8 ಜನರ ಗುಂಪಿಗೆ ತಾತ್ಕಾಲಿಕ ವಸತಿ, ತರಬೇತಿ ಕಾಲದಲ್ಲಿ ಸ್ಟೈಪೆಂಡ್, ಸಂಪರ್ಕದಲ್ಲಿರುವ ಆಪ್ತಸಮಾಲೋಚಕ ಎಲ್ಲವೂ ಅದರಲ್ಲಿವೆ. ಆದರೆ ಕಾಯ್ದೆಯ 46ನೇ ಕಲಂ ಹಣದ ನೆರವನ್ನು ‘ಕೊಡಬಹುದು’ ಎನ್ನುತ್ತದೆಯೇ ಹೊರತು ‘ಕೊಡತಕ್ಕದ್ದು’ ಎನ್ನುವುದಿಲ್ಲ. ಮಕ್ಕಳ ರಕ್ಷಣೆಗೆಂದಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುಪಾಲನೆಗೆ ತಲಾ ತಿಂಗಳಿಗೆ 4,000 ರೂಪಾಯಿ. ಬೆಂಗಳೂರಿನಲ್ಲಿ ಇಷ್ಟು ಹಣಕ್ಕೆ ಊಟ ಸಹಿತ ಪಿಜಿಯಲ್ಲಿ ಒಂದು ಹಾಸಿಗೆ ಸಿಗುವುದೂ ಕಷ್ಟ. ಹಣವೊಂದನ್ನೇ ಖಾತೆಗೆ ಹಾಕಿ ಕೈತೊಳೆದುಕೊಂಡರೆ ಕೆಲಸ ಆಗದು, ಮನೆಯೇ ಬೇಕು.

ಆ ಮನೆ ಹೇಗಿರಬೇಕು ಎಂಬುದರಲ್ಲೇ ಸೋಲು ಗೆಲುವು ಇದೆ. ಮೂರು ಕೋಣೆಯ ಸಾಮಾನ್ಯ ಬಾಡಿಗೆ ಮನೆ, ಬಸ್ ಸ್ಟಾಪಿಗೆ ಹತ್ತಿರ, ಹುಡುಗರ ಹಳೆಯ ಏರಿಯಾದಿಂದ ದೂರ. ಬಾಗಿಲಿಗೆ ಸಂಸ್ಥೆಯ ಬೋರ್ಡ್ ಹಾಕಬಾರದು. ಬೋರ್ಡ್ ನೋಡಿದ ಬೀದಿ ಮೊದಲ ವಾರವೇ ಮನೆ ಖಾಲಿ ಮಾಡಿಸಲು ಓನರ್ ಹತ್ತಿರ ಹೋಗುತ್ತದೆ. ಒಂದೇ ಗುಂಪಿನ, ಒಂದೇ ಕೇಸಿನ ಇಬ್ಬರನ್ನು ಒಂದೇ ಮನೆಯಲ್ಲಿ ಇಡಬಾರದು. ರಾತ್ರಿಯೂ ಅದೇ ಮನೆಯಲ್ಲಿ ಉಳಿಯುವ ಒಬ್ಬ ಹಿರಿಯರು ಇರಲೇಬೇಕು, ಹಗಲು ಬಂದು ಸಹಿ ಮಾಡಿ ಹೋಗುವವರು ಸಾಲದು. ಅಡುಗೆ ಸರದಿಯ ಮೇಲೆ ಹುಡುಗರದೇ. ಮೊದಲ ತಿಂಗಳು ಅನ್ನ ಸೀದು ಹೋಗುತ್ತದೆ, ಹೋಗಲಿ ಬಿಡಿ. ಗಲಾಟೆ ಏಳುವುದು ಹೆಚ್ಚಾಗಿ ಸಂಜೆ ಐದರಿಂದ ಎಂಟರ ನಡುವೆ, ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ. ಆದ್ದರಿಂದ ಆಟ, ಸಂಜೆ ಪಾಠ, ಸಂತೆ ಎಲ್ಲ ಆ ಮೂರು ಗಂಟೆಯೊಳಗೆ ಬರಬೇಕು.

ಅಮೆರಿಕದ ಮಿಸೌರಿ ರಾಜ್ಯ 1983ರಲ್ಲಿ ಬೂನ್‌ವಿಲ್‌ನ ದೊಡ್ಡ ಬಾಲಾಪರಾಧಿ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ಅವರ ಊರಿಗೆ ಹತ್ತಿರದ ಸಣ್ಣ ವಸತಿಗಳಿಗೆ ಹಂಚಿತು. ಹತ್ತು ಹನ್ನೆರಡು ಜನರ ಗುಂಪು ಒಟ್ಟಿಗೆ ಉಣ್ಣುತ್ತದೆ, ಒಟ್ಟಿಗೆ ಓದುತ್ತದೆ. ಒಳಬಂದ ದಿನದಿಂದ ಮನೆ ಸೇರಿದ ಮೇಲೂ ಒಬ್ಬರೇ ಅಧಿಕಾರಿ ಆ ಹುಡುಗನನ್ನು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಕಡತ ಕೈ ಬದಲಾದಾಗಲೆಲ್ಲ ಹುಡುಗ ತನ್ನ ಕತೆಯನ್ನು ಮೊದಲಿನಿಂದ ಹೇಳಬೇಕು. ಮೂರನೇ ಸಲ ಅವನು ಹೇಳುವುದನ್ನೇ ನಿಲ್ಲಿಸುತ್ತಾನೆ.

ಇನ್ನು ಕಾಗದಪತ್ರ. ಸಣ್ಣ ವಿಷಯವೆಂದು ತಳ್ಳಿಹಾಕುವವರೇ ಹೆಚ್ಚು, ಆದರೆ ಹೊರಬಂದವನು ಮೊದಲು ಎಡವುವುದು ಇಲ್ಲೇ. ಆಧಾರ್‌ಗೆ 15 ವರ್ಷ ತುಂಬಿದಾಗ ಬೆರಳಚ್ಚು, ಕಣ್ಪಾಪೆ ಮತ್ತೆ ಕೊಡಬೇಕು. ಆ ವಯಸ್ಸಿನಲ್ಲಿ ಬೀದಿಯಲ್ಲಿದ್ದವನು ಕೊಟ್ಟಿರುವುದಿಲ್ಲ. ಲಿಂಕ್ ಆದ ಮೊಬೈಲ್ ನಂಬರ್ ಎಂದೋ ಕಳೆದ ಸಿಮ್‌ನದು, ಒಟಿಪಿ ಬರುವುದಿಲ್ಲ. ಟಿಸಿ ಏಳನೇ ತರಗತಿಗೆ ಬಿಟ್ಟ ಶಾಲೆಯ ಬೀರುವಿನಲ್ಲಿ ಕೂತಿರುತ್ತದೆ. ಬ್ಯಾಂಕಿನವರು ಅಪ್ಪನ ಸಹಿ ಕೇಳುತ್ತಾರೆ. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ ಎಂದು ಶಾಖೆಯಲ್ಲಿ ಕೂತು ತಿಳಿಸಿ ಹೇಳಬೇಕಾಗುತ್ತದೆ. ಇದೆಲ್ಲ ಬಿಡುಗಡೆಗೆ ಎರಡು ತಿಂಗಳು ಮುಂಚೆಯೇ, ಹುಡುಗ ಒಳಗಿರುವಾಗಲೇ ಮುಗಿಯಬೇಕು. ಐಟಿಐ ಪ್ರವೇಶಕ್ಕೂ ಇದೇ ಮಾತು: ತರಗತಿ ಶುರುವಾಗುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ನವೆಂಬರ್‌ನಲ್ಲಿ ಹೊರಬಂದವನಿಗೆ ಮುಂದಿನ ಒಂಬತ್ತು ತಿಂಗಳು ಖಾಲಿ. ಆ ಅವಧಿಗೆ ಗ್ಯಾರೇಜಿನಲ್ಲೋ ಬೇಕರಿಯಲ್ಲೋ ಸಂಬಳದ ಕೆಲಸ ಮೊದಲೇ ಮಾತಾಡಿಟ್ಟಿರಬೇಕು.

ವೀಕ್ಷಣಾಲಯದ ಒಳಬಂದ ಮೊದಲ ಹತ್ತು ದಿನದ ಬಗ್ಗೆಯೂ ಒಂದು ಮಾತು. ಗಾಂಜಾ, ನಶೆಗೆ ಮೂಸುವ ಸೊಲ್ಯೂಷನ್ (ಅಂಟು) ಬಿಟ್ಟವನಿಗೆ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಸಣ್ಣದಕ್ಕೂ ಸಿಟ್ಟು ನೆತ್ತಿಗೇರುತ್ತದೆ. ಸಿಬ್ಬಂದಿ ಅದನ್ನು ಕೊಬ್ಬು ಎಂದುಕೊಂಡು ಕೈ ಮಾಡಿದರೆ, ಮುಂದಿನ ಆಪ್ತಸಮಾಲೋಚನೆಯೆಲ್ಲ ನೀರ ಮೇಲಿನ ಬರಹ. ಮೊದಲ ದಿನವೇ ಮನೋವೈದ್ಯರು ನೋಡಬೇಕು.

ಕೊನೆಯದಾಗಿ ಪೊಲೀಸರಿಗೆ ಒಂದು ಮನವಿ. ಏರಿಯಾದಲ್ಲಿ ಬೈಕ್ ಕಳುವಾದರೆ ಸಾಕು, ಹೊರಬಂದ ಹುಡುಗನಿಗೆ ಠಾಣೆಯಿಂದ ಕರೆ ಬರುತ್ತದೆ. ಎರಡು ದಿನ ಕೆಲಸ ತಪ್ಪುತ್ತದೆ, ಮಾಲೀಕರು ಇನ್ನು ಬರಬೇಡ ಎನ್ನುತ್ತಾರೆ. ವಯಸ್ಕನಂತೆ ಮಕ್ಕಳ ನ್ಯಾಯಾಲಯದಲ್ಲಿ ವಿಚಾರಣೆಗೊಂಡ 16 ಮೀರಿದವರನ್ನು ಬಿಟ್ಟರೆ, ಆ ಅಪರಾಧ ಮುಂದೆ ಯಾವುದಕ್ಕೂ ಅನರ್ಹತೆಯಾಗದು ಎನ್ನುತ್ತದೆ ಬಾಲನ್ಯಾಯ ಕಾಯ್ದೆಯ 24ನೇ ಕಲಂ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕೂ ಬಹಿರಂಗಪಡಿಸುವಂತಿಲ್ಲ ಎನ್ನುತ್ತದೆ 74ನೇ ಕಲಂನ ಎರಡನೇ ಉಪಕಲಂ. ಈ ಎರಡನ್ನು ಗೃಹ ಇಲಾಖೆ ಸುತ್ತೋಲೆಯಾಗಿ ಪ್ರತಿ ಠಾಣೆಗೆ ಕಳಿಸಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಜಿಲ್ಲೆಗೊಂದಾದರೂ ಇಂಥ ಎಂಟು ಹಾಸಿಗೆಯ ಮನೆಯನ್ನು ಮುಂದಿನ ಐಟಿಐ ಪ್ರವೇಶದೊಳಗೆ ತೆರೆಯಲಿ.

– ಮಕ್ಕಳ ಪುನರ್ವಸತಿ ಕಾರ್ಯಕರ್ತರು, ಬೆಂಗಳೂರು