ಅಟ್ಟದ ಜೇನುಪೆಟ್ಟಿಗೆಗೆ ಒಂದು ನೆಲೆ: ಜೇನು ವಸ್ತುಸಂಗ್ರಹಾಲಯಕ್ಕೆ ದೇಣಿಗೆ ಮನವಿ

ಮಾನ್ಯರೇ,

ಸುಳ್ಯ, ಪುತ್ತೂರು, ಕೊಡಗಿನ ಕಡೆಯ ಹಳೆಯ ಮನೆಗಳ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಇವತ್ತಿಗೂ ಒಂದೆರಡು ಖಾಲಿ ಜೇನುಪೆಟ್ಟಿಗೆಗಳು ಸಿಗುತ್ತವೆ. ಅಡಿಹಲಗೆಗೆ ಗೆದ್ದಲು ಹತ್ತಿರುತ್ತದೆ, ಚೌಕಟ್ಟಿನಲ್ಲಿ ಉಳಿದ ಎರಿಯನ್ನು (ಜೇನು ಕಟ್ಟಿದ ಮೇಣದ ಹಲ್ಲೆಯನ್ನು) ಮೇಣದ ಹುಳು ಜಾಳುಜಾಳು ಮಾಡಿರುತ್ತದೆ. ಇವು ಬಚ್ಚಲೊಲೆಗೆ ಹೋಗುವ ಮೊದಲೇ ಒಟ್ಟುಮಾಡಿ, ಶಾಲೆಯ ಹಳೆಯ ಹೆಂಚಿನ ಕಟ್ಟಡದ ಎರಡು ಕೋಣೆಗಳಲ್ಲಿ ಜೇನು ವಸ್ತುಸಂಗ್ರಹಾಲಯ ಮಾಡಲು ನಮ್ಮ ಟ್ರಸ್ಟ್ ನಿರ್ಧರಿಸಿದೆ. ಕಟ್ಟಡವಿದೆ. ಹಣವೂ ವಸ್ತುಗಳೂ ಬೇಕಾಗಿವೆ.

ಪೆಟ್ಟಿಗೆ ಬರುವ ಮೊದಲು ತುಡುವೆಯನ್ನು, ಅಂದರೆ ನಾವು ಸಾಕುವ ನಾಡಜೇನನ್ನು, ಮಡಕೆಯಲ್ಲಿ, ಪೊಳ್ಳು ದಿಮ್ಮಿಯಲ್ಲಿ ಕೂರಿಸುತ್ತಿದ್ದರು. ಎರಿ ಕೊಯ್ದು ಹಿಂಡಿದರೆ ಜೇನಿನ ಜೊತೆ ಮರಿಗಳೂ ಹೋಗುತ್ತಿದ್ದವು. ಜೇನುನೊಣ ಓಡಾಡುವಷ್ಟೇ ಸಂದಿ ಬಿಟ್ಟರೆ ಅಲ್ಲಿ ಅದು ಮೇಣ ಕಟ್ಟುವುದಿಲ್ಲ ಎಂಬ ತತ್ವದ ಮೇಲೆ ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಚೌಕಟ್ಟಿನ ಪೆಟ್ಟಿಗೆ ರೂಪಿಸಿದರು. 1910ರ ದಶಕದಲ್ಲಿ ತಮಿಳುನಾಡಿನಲ್ಲಿ ಪಾದ್ರಿ ನ್ಯೂಟನ್ ಅದನ್ನು ನಮ್ಮ ಚಿಕ್ಕ ತುಡುವೆಗೆ ಹೊಂದುವಂತೆ ಕಿರಿದು ಮಾಡಿದರು. ಮರಿಕೋಣೆಯಲ್ಲಿ ಏಳು ಚೌಕಟ್ಟು, ಅದರ ಮೇಲೆ ಗಿಡ್ಡನೆಯ ಜೇನುಕೋಣೆ. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಮಡಕೆ, ದಿಮ್ಮಿ, ನ್ಯೂಟನ್ ಪೆಟ್ಟಿಗೆ, ಕೈಯಿಂದ ತಿರುಗಿಸುವ ಜೇನು ತೆಗೆಯುವ ಯಂತ್ರ, ನೊಣಗಳಿಗೆ ಹೊಗೆ ಊದುವ ಹೊಗೆತಿದಿ, ಮೇಣದ ಹಾಳೆಯ ಅಚ್ಚು: ಮೊದಲ ಕೋಣೆಯಲ್ಲಿ ಇವನ್ನು ಇದೇ ಸಾಲಿನಲ್ಲಿ ಇಡುತ್ತೇವೆ. ನಡುವೆ ಮಕ್ಕಳು ಕೈಯಿಂದ ಮುಟ್ಟಿ ನೋಡುವ ಮರದ ಮಾದರಿಯೊಂದು ಇರುತ್ತದೆ. ಸಂದಿ 8 ಮಿ.ಮೀ. ಇದ್ದಲ್ಲಿ ದಾರಿ ತೆರೆದಿರುತ್ತದೆ, 15 ಮಿ.ಮೀ. ಆದಲ್ಲಿ ಅಡ್ಡ ಎರಿ ಬೆಳೆದು ಎರಡು ಚೌಕಟ್ಟು ಒಂದಕ್ಕೊಂದು ಅಂಟಿರುತ್ತವೆ. ಬಡಗಿಯ ಅಳತೆ ಸ್ವಲ್ಪ ತಪ್ಪಿದರೂ ಪೆಟ್ಟಿಗೆ ಯಾಕೆ ಕೆಲಸಕ್ಕೆ ಬಾರದು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಎರಡನೆಯ ಕೋಣೆಯಲ್ಲಿ ಜೀವಂತ ಜೇನು. ಹೆಚ್ಚು ಎಚ್ಚರ ಬೇಕಿರುವುದು ಇಲ್ಲಿಯೇ. ಎರಡೂ ಬದಿ ಗಾಜಿರುವ, ಒಂದೇ ಚೌಕಟ್ಟಿನ ಪೆಟ್ಟಿಗೆಯಲ್ಲಿ ರಾಣಿ ಮೊಟ್ಟೆಯಿಡುವುದು ಚೆನ್ನಾಗಿ ಕಾಣುತ್ತದೆ. ಆದರೆ ಮರಿಗಳಿಗೆ 33ರಿಂದ 36 ಡಿಗ್ರಿ ಶಾಖ ಬೇಕು, ಒಂಟಿ ಎರಿಯಲ್ಲಿ ಅದು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಗಾಜಿನ ಮೇಲೆ ನೀರು ಕೂತು ಮರಿ ಸಾಯುತ್ತದೆ. ಸದಾ ಬೆಳಕು ಬಿದ್ದರೆ ತುಡುವೆ ಕುಟುಂಬ ಪೆಟ್ಟಿಗೆ ಬಿಟ್ಟೇ ಹೋಗುತ್ತದೆ, ಈ ಜಾತಿಗೆ ಪರಾರಿಯಾಗುವ ಸ್ವಭಾವ ಜಾಸ್ತಿ. ಆದ್ದರಿಂದ ಮೂರು ಚೌಕಟ್ಟು, ಎರಡು ಪದರ ಗಾಜು, ನೋಡುವಾಗ ಮಾತ್ರ ತೆರೆಯುವ ಮರದ ಬಾಗಿಲು ಇಡುತ್ತೇವೆ. ನೊಣಗಳು ಹೊರಹೋಗುವ ಕೊಳವೆ ಗೋಡೆಯಲ್ಲಿ ಆಳೆತ್ತರಕ್ಕಿಂತ ಮೇಲೆ ತೆರೆದುಕೊಳ್ಳುತ್ತದೆ. ಇಲ್ಲವಾದರೆ ಅವುಗಳ ಹಾರುವ ದಾರಿಗೆ ಮಕ್ಕಳ ಮುಖ ಅಡ್ಡ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕ್ಕರೆಪಾಕ ಕೊಡಬೇಕು. ಕುಟುಂಬ ಬಲಗುಂದಿದರೆ ಮರಿಯಿರುವ ಚೌಕಟ್ಟು ತಂದು ಸೇರಿಸಲು ತೋಟದಲ್ಲಿ ಎರಡು ಪೂರ್ತಿ ಪೆಟ್ಟಿಗೆಗಳೂ ಬೇಕು. ಇರುವೆ ಹತ್ತದಂತೆ ಅವುಗಳ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತೇವೆ.

ಪಕ್ಕದಲ್ಲೇ ಸೀಳಿದ ಬಿದಿರಿನಲ್ಲಿ ಮುಜಂಟಿ ಎಂಬ ಪುಟ್ಟ ಜೇನು ಇರುತ್ತದೆ. ಇದಕ್ಕೆ ಮುಳ್ಳಿಲ್ಲ, ಚಿಕ್ಕ ಮಕ್ಕಳೂ ಹತ್ತಿರ ನಿಲ್ಲಬಹುದು. ಗೂಡಿನ ಬಾಯಿಯ ಕೊಳವೆಗೂ ಜೇನಿನ ಕುಡಿಕೆಗಳಿಗೂ ಮುಜಂಟಿ ಮರದ ಅಂಟು ಬಳಸುತ್ತದೆ, ತುಡುವೆ ಬಳಸುವುದಿಲ್ಲ. ಎರಡನ್ನೂ ಅಕ್ಕಪಕ್ಕ ಕಂಡವರಿಗೆ ಈ ವ್ಯತ್ಯಾಸ ಮರೆಯದು. ಹೆಜ್ಜೇನನ್ನು ಪೆಟ್ಟಿಗೆಗೆ ಹಾಕಲಾಗದು, ಬಯಲಲ್ಲಿ ಒಂದೇ ದೊಡ್ಡ ಎರಿ ಕಟ್ಟಿ ಋತು ಮುಗಿದಾಗ ಹೊರಟುಹೋಗುತ್ತದೆ. ಅದರ ಬಿಟ್ಟುಹೋದ ಎರಿಯನ್ನಷ್ಟೇ ಇಡುತ್ತೇವೆ. ಜೊತೆಗೆ ಕಾಡಿನಲ್ಲಿ ಜೇನು ಕೊಯ್ಯುವ ಜೇನುಕುರುಬ ಸಮುದಾಯದವರ ಬಳ್ಳಿಯ ಏಣಿ, ಹೊಗೆಯ ಸೂಡಿ, ಬುಟ್ಟಿಗಳು, ಅವರ ಒಪ್ಪಿಗೆ ಪಡೆದು, ಅವರದೇ ಮಾತಿನ ವಿವರಣೆಯೊಂದಿಗೆ.

1991–92ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಅಟ್ಟ ಸೇರಿದ ಎಷ್ಟೋ ಪೆಟ್ಟಿಗೆಗಳು ಆ ಕಾಲದವು. ಕೋಶಕ್ಕೆ ಮುಚ್ಚಳ ಬೀಳುವ ಹೊತ್ತಿಗೆ ಮರಿಹುಳು ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿಕೊಂಡೇ ಸಾಯುತ್ತದೆ. ಇದಕ್ಕೆ ಔಷಧವಿಲ್ಲ. ಈ ರೋಗದ ದೊಡ್ಡ ಮಾದರಿಯೊಂದನ್ನು ಮಾಡಿಸುತ್ತೇವೆ, ಏಕೆಂದರೆ ಹೊಸದಾಗಿ ಜೇನು ಸಾಕುವವರು ಮೊದಲು ಗುರುತಿಸಬೇಕಾದದ್ದು ಇದನ್ನೇ.

ಈ ರೋಗದಿಂದಲೂ ಮೇಣದ ಹುಳುವಿನಿಂದಲೂ ನಮಗೊಂದು ಕಟ್ಟುನಿಟ್ಟಿನ ನಿಯಮ ಬಂದಿದೆ. ಬಂದ ಪ್ರತಿ ಮರದ ವಸ್ತುವನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡುತ್ತೇವೆ. ಹೊರತೆಗೆದ ಮೇಲೂ ಒಂದು ದಿನ ಸುತ್ತು ಬಿಚ್ಚುವುದಿಲ್ಲ, ಬಿಚ್ಚಿದರೆ ತಣ್ಣನೆಯ ಮರದ ಮೇಲೆ ಹನಿಗೂಡಿ ಬೂಷ್ಟು ಬರುತ್ತದೆ. ಮೇಣದ ಹುಳುವಿನ ಮೊಟ್ಟೆ ಚಳಿಗೆ ಸಾಯುತ್ತದೆ, ವೈರಸ್ ಹಾಗೆ ಸಾಯುವುದಿಲ್ಲ. ಆದ್ದರಿಂದ ಸಂಗ್ರಹದ ಯಾವ ಚೌಕಟ್ಟೂ ಜೀವಂತ ಪೆಟ್ಟಿಗೆಗೆ ಹೋಗದು, ಹೊರಗಿನ ನೊಣ ಹಳೆಯ ಎರಿಗೆ ಬಾರದಂತೆ ಕಿಟಕಿಗಳಿಗೆಲ್ಲ ಸಣ್ಣ ಬಲೆ ಬೇಕು. ಕಪಾಟಿನಲ್ಲಿ ನುಸಿಗುಳಿಗೆ ಇಡುವುದಿಲ್ಲ, ಅದರ ವಾಸನೆಯನ್ನು ಮೇಣ ಹೀರಿಕೊಳ್ಳುತ್ತದೆ.

ನಮ್ಮ ಅಂದಾಜು ಹೀಗಿದೆ. ಡೀಪ್ ಫ್ರೀಜರ್‌ಗೆ 25,000 ರೂ., ಗಾಜಿನ ಪೆಟ್ಟಿಗೆಗೆ 15,000 ರೂ., ಗೋಡೆಗೆ ತಾಗದೆ ನಿಲ್ಲುವ ಗಾಜಿನ ಕಪಾಟು ಒಂದಕ್ಕೆ 35,000 ರೂ., ಅಂಥವು ಆರು ಬೇಕು. ತೋಟದ ಪೆಟ್ಟಿಗೆ ಕುಟುಂಬ ಸಮೇತ 4,500 ರೂ. ಮೊದಲು ಬೇಕಿರುವುದು ಫ್ರೀಜರ್, ಅದಿಲ್ಲದೆ ಒಂದು ಪೆಟ್ಟಿಗೆಯನ್ನೂ ಒಳಗೆ ತರುವಂತಿಲ್ಲ. 500 ರೂಪಾಯಿ ಕೊಟ್ಟರೂ ಕಿಟಕಿಯ ಬಲೆಗೆ ಆಗುತ್ತದೆ. ಹಣವನ್ನು ಟ್ರಸ್ಟ್‌ನ ಹೆಸರಿಗೆ ಮಾತ್ರ ಕೊಡಿ, ರಸೀದಿ ಕೇಳಿ ಪಡೆಯಿರಿ.

ಹಳೆಯ ಪೆಟ್ಟಿಗೆ ಕೊಡುವವರು ದಯವಿಟ್ಟು ಅದನ್ನು ತೊಳೆಯಬೇಡಿ, ಮೇಣ ಕೆರೆಯಬೇಡಿ, ವಾರ್ನಿಷ್ ಹಚ್ಚಬೇಡಿ. ಮೇಣದ ಮೇಲಿನ ಬಿಳಿ ಪುಡಿ ಎಷ್ಟೋ ಸಲ ಬೂಷ್ಟಲ್ಲ, ಹಳೆಯ ಮೇಣದ್ದೇ ಪೊರೆ. ಯಾವ ಊರಿನದು, ಯಾರು ಮಾಡಿದ್ದು, ಯಾವ ಮರದ್ದು, ಕೊನೆಯ ಸಲ ಯಾವಾಗ ಜೇನು ಇತ್ತು, ಇಷ್ಟನ್ನು ಮನೆಯ ಹಿರಿಯರಲ್ಲಿ ಕೇಳಿ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಕಟ್ಟಿ ಕಳುಹಿಸಿ.