ಟೇಪ್ ಮೇಲೆ 32, ಮೀಟರಿನಲ್ಲಿ 38

ಮಾನ್ಯರೇ,

ಡೈವಿಂಗ್ ಸೆಂಟರಿನ ತಪಾಸಣೆ ಬಗ್ಗೆ ಶನಿವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಪ್ರತಿ ಸಿಲಿಂಡರಿನ ಗಾಳಿಯನ್ನೂ ಅಳೆದು ನೋಡಿಯೇ ಕೊಡುತ್ತಿದ್ದಾರೆ ಅಂತ ಅಧಿಕಾರಿಗಳು ಹೇಳಿದ್ದಾರಂತೆ. ಓದಿ ಖುಷಿಯಾಯಿತು. ಮರುದಿನವೇ ಆ ಸೆಂಟರ್ ಇರುವ ಜೆಟ್ಟಿಗೆ ಹೋದೆ. ಖುಷಿ ಅಲ್ಲಿಗೆ ಮುಗಿಯಿತು.

ನಾನು ಬುಕ್ ಮಾಡಿದ್ದು ನೈಟ್ರಾಕ್ಸ್. ಅಂದರೆ ಆಕ್ಸಿಜನ್ ಜಾಸ್ತಿ ಇರುವ ಗಾಳಿ. ಕೊಟ್ಟ ಸಿಲಿಂಡರಿನ ಕುತ್ತಿಗೆಗೆ ಒಂದು ಬಿಳಿ ಟೇಪು, ಅದರ ಮೇಲೆ ಮಾರ್ಕರಿನಲ್ಲಿ '32', ಅಂದರೆ ನೂರಕ್ಕೆ 32 ಪಾಲು ಆಕ್ಸಿಜನ್. ಅಷ್ಟೇ. ಯಾರು ಅಳೆದರು, ಯಾವತ್ತು ಅಳೆದರು, ಎಷ್ಟು ಆಳದವರೆಗೆ ಹೋಗಬಹುದು, ಒಂದೂ ಇಲ್ಲ. ಅದರ ಕೆಳಗೆ ಇನ್ನೊಂದು ಹಳೆಯ ಟೇಪು ಅರ್ಧ ಕಿತ್ತು ನೇತಾಡುತ್ತಿತ್ತು. ಅದರ ಮೇಲೆ '36'. ಯಾವುದನ್ನು ನಂಬೋದು? ಆಕ್ಸಿಜನ್ ಅಳೆಯುವ ಅನಲೈಸರ್ ಕೊಡಿ, ನಾನೇ ನೋಡಿಕೊಳ್ತೇನೆ ಅಂದೆ. ಮನೆಯನ್ನೇ ಬರೆದುಕೊಡು ಅಂದ ಹಾಗೆ ಮುಖ ಮಾಡಿದ ಕೌಂಟರಿನ ಹುಡುಗ. "ಬೆಳಿಗ್ಗೆನೇ ಚೆಕ್ ಮಾಡಿದೀವಿ ಸಾರ್, ನಂಬಿಕೆ ಇಲ್ವಾ?"

ಇಲ್ಲಪ್ಪ, ಇಲ್ಲ. ಸಿಲಿಂಡರ್ ತೊಟ್ಟುಕೊಳ್ಳುವವನು ತನ್ನ ಗಾಳಿಯನ್ನು ತಾನೇ ಅಳೆದು, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ನೈಟ್ರಾಕ್ಸ್ ಕೋರ್ಸಿನಲ್ಲಿ ಮೊದಲು ಹೇಳಿಕೊಡುವುದೇ ಇದನ್ನು.

ಅನಲೈಸರ್ ಹುಡುಕಲು 40 ನಿಮಿಷ ಬೇಕಾಯಿತು. ಕೊನೆಗೆ ಒಂದು ಡ್ರಾಯರಿನಲ್ಲಿ, ಹರಿದ ಕನ್ನಡಕದ ಪಟ್ಟಿಗಳ ಅಡಿಯಲ್ಲಿ ಸಿಕ್ಕಿತು. ಬ್ಯಾಟರಿ ಸತ್ತಿತ್ತು. ಯಾರದೋ ಟಾರ್ಚಿನಿಂದ ಬ್ಯಾಟರಿ ಕಿತ್ತು ಹಾಕಿದೆವು. ಬರೀ ಗಾಳಿಗೆ ಹಿಡಿದರೆ 20.9 ತೋರಿಸಬೇಕು. ಅದು 18 ಅಂತಿತ್ತು. ಗುಂಡಿ ತಿರುಗಿಸಿ 20.9ಕ್ಕೆ ತಂದು, ಅಲ್ಲೇ ನಿಲ್ಲುತ್ತಾ ಅಂತ ಕಾದೆ. ಆಮೇಲೆ ವಾಲ್ವನ್ನು ಸಣ್ಣಗೆ ಬಿಟ್ಟು ಸೆನ್ಸರಿಗೆ ಹಿಡಿದೆ. 29 ಆಯಿತು, 34 ಆಯಿತು, 37. ಕೊನೆಗೆ 38.6ಕ್ಕೆ ನಿಂತಿತು. ಇನ್ನೊಮ್ಮೆ ಅಳೆದೆ. 38.5.

ಹುಡುಗ ಇಣುಕಿ ನೋಡಿ, "ಆಕ್ಸಿಜನ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸಾರ್?" ಅಂದ. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆಳಕ್ಕೆ ಹೋದಷ್ಟೂ ಒತ್ತಡ ಏರುತ್ತದೆ, ಅದರ ಜೊತೆ ಆಕ್ಸಿಜನ್ನಿನ ಪಾಲಿನ ಒತ್ತಡವೂ ಏರುತ್ತದೆ. ಅದು 1.4 ಬಾರ್ ದಾಟಬಾರದು. 32ರ ಗಾಳಿಯಲ್ಲಿ ಸುಮಾರು 33 ಮೀಟರ್ ತನಕ ಇಳಿಯಬಹುದು. 38.6ರಲ್ಲಿ 26 ಮೀಟರಿಗೇ ಮುಗಿಯಿತು. ಅವತ್ತು ನಾವು ಇಳಿಯಬೇಕಿದ್ದದ್ದು 30 ಮೀಟರಿಗೆ. ಅಲ್ಲಿ ಲೆಕ್ಕ ಹಾಕಿದರೆ 1.54 ಬಾರ್. ಮೀನು ನೋಡುತ್ತಾ ಇನ್ನೊಂದೂವರೆ ಮೀಟರ್ ಜಾರಿದರೆ 1.6 ದಾಟುತ್ತದೆ. ತುರ್ತಿಗೆ ಅಂತ ಇಟ್ಟುಕೊಂಡ ಕೊನೆಯ ಗಡಿ ಅದು. ಅದರಾಚೆ ಯಾವಾಗ ಬೇಕಾದರೂ ಫಿಟ್ಸ್ ಬರಬಹುದು, ಮುನ್ಸೂಚನೆಯೂ ಇಲ್ಲದೆ. ದಡದ ಮೇಲೆ ಫಿಟ್ಸ್ ಬಂದರೆ ಬದುಕಿಕೊಳ್ಳುತ್ತೀರಿ. ನೀರಿನಡಿ ಬಂದರೆ ಬಾಯಿಂದ ಗಾಳಿ ಕೊಡುವ ರೆಗ್ಯುಲೇಟರೇ ಬೀಳುತ್ತದೆ. ಆಳ, ಹೊತ್ತು ಲೆಕ್ಕ ಇಡುವ ನನ್ನ ಡೈವ್ ಕಂಪ್ಯೂಟರಿಗೂ 32 ಅಂತಲೇ ಹೇಳಿದ್ದೆ ನೋಡಿ, ಅದು 'ಎಲ್ಲಾ ಸರಿ' ಅಂತ ತೋರಿಸುತ್ತಲೇ ಇರುತ್ತಿತ್ತು.

ಆ ಹಳೆಯ '36' ಟೇಪಿನ ಮೇಲೇ ನನ್ನ ಅನುಮಾನ. ಸಿಲಿಂಡರಿನಲ್ಲಿ ಹಳೆಯ ಗಾಳಿ ಉಳಿದಿರುವಾಗಲೇ, ಖಾಲಿ ಅಂದುಕೊಂಡು ಆಕ್ಸಿಜನ್ ತುಂಬಿ, ಮೇಲೆ ಗಾಳಿ ಹೊಡೆದಿರಬೇಕು. ಆಮೇಲೆ ಅಳೆದಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಟೇಪ್ ಅಂಟಿಸಲು ಅಷ್ಟೂ ಹೊತ್ತು ಬೇಕಾಗಿಲ್ಲ, ಬಿಡಿ.

ಇಷ್ಟರಲ್ಲಿ ದೋಣಿಯವರು ಕೂಗಾಡಲು ಶುರು ಮಾಡಿದರು. ನನ್ನಿಂದ ಲೇಟಾಯಿತಂತೆ! ಇಬ್ಬರನ್ನು ಹಿಡಿದು ಅವರ ಸಿಲಿಂಡರನ್ನೂ ಅಳೆಸಿದೆ. ಅವು ಸರಿಯಾಗಿದ್ದವು. ಅದಕ್ಕೆ ಉಳಿದವರೆಲ್ಲ ನನ್ನನ್ನೇ ತಲೆಹರಟೆ ಅನ್ನುವ ಹಾಗೆ ನೋಡಿದರು. ದೋಣಿ ಹೋಯಿತು. ನಾನು ವೆಟ್‌ಸೂಟ್ ಹಾಕಿಕೊಂಡು ಬಿಸಿಲಲ್ಲಿ ಬೆಂದೆ, ಬೇರೆ ಸಿಲಿಂಡರ್ ತುಂಬಿ ಕೊಡ್ತೀವಿ ಅಂದದ್ದಕ್ಕೆ. ತುಂಬುವುದನ್ನು ನೋಡೋಣ ಅಂತ ಹಿಂದಕ್ಕೆ ಹೋದರೆ, ಕಂಪ್ರೆಸರ್ ಗಾಳಿ ಎಳೆಯುವ ಪೈಪು ಇರುವುದು ಡೀಸೆಲ್ ಜನರೇಟರಿನ ಹೊಗೆ ಕೊಳವೆಯ ಪಕ್ಕದಲ್ಲಿ. ಎಂಥಾ ಜಾಗ! ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಕ್ಸಿಜನ್ ಅನಲೈಸರಿಗೂ ಅದು ಕಾಣುವುದಿಲ್ಲ, ಬೇರೆಯದೇ ಮೀಟರ್ ಬೇಕು. ಯುರೋಪಿನ ಮಾನದಂಡದಲ್ಲಿ ಹತ್ತು ಲಕ್ಷದಲ್ಲಿ 5 ಪಾಲು ಅನ್ನುವುದೇ ಅದರ ಮಿತಿ. ಇಲ್ಲಿ ಆ ಮೀಟರ್ ಕೇಳುವ ಧೈರ್ಯ ನನಗೆ ಬರಲಿಲ್ಲ. ಮನೆಗೆ ಹೊರಟೆ. ದುಡ್ಡು ವಾಪಸ್ ಇಲ್ಲ. "ಕ್ಯಾನ್ಸಲ್ ಮಾಡಿದ್ದು ನೀವೇ ಅಲ್ವಾ?"

ಇನ್ನು ತಪಾಸಣೆ ಮಾಡಿದ ಅಧಿಕಾರಿಗಳು. ಬಂದಿದ್ದು ನಿಜವಂತೆ. ಲೈಫ್ ಜಾಕೆಟ್ ಎಣಿಸಿದರು, ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಹೋದರು. ಇವರ ತಪಾಸಣೆ ನನಗೆ ಹೊಸದೇನಲ್ಲ. ಮೂರು ವರ್ಷದ ಹಿಂದೆ ಇದೇ ಜೆಟ್ಟಿಯ ಮುರಿದ ಮೆಟ್ಟಿಲ ಬಗ್ಗೆ ಅರ್ಜಿ ಕೊಟ್ಟಿದ್ದೆ. 'ಪರಿಶೀಲನೆಯಲ್ಲಿದೆ' ಅಂತ ಉತ್ತರ ಬಂತು. ಈಗ ಎರಡು ಮೆಟ್ಟಿಲು ಪರಿಶೀಲನೆಗೂ ಸಿಗುವುದಿಲ್ಲ, ಸಮುದ್ರ ತೆಗೆದುಕೊಂಡು ಹೋಗಿದೆ. ಜೆಟ್ಟಿಯ ದೀಪದ ಬಗ್ಗೆಯೂ ಬರೆದಿದ್ದೆ. ಅದು ಈಗ ಹಗಲಲ್ಲಿ ಉರಿಯುತ್ತದೆ.

ಆದ್ದರಿಂದ ಅಧಿಕಾರಿಗಳು ಇನ್ನಾದರೂ ಖುದ್ದಾಗಿ ಬಂದು ಒಂದೊಂದು ಸಿಲಿಂಡರನ್ನೂ ಅಳೆಯಲಿ. ಅಥವಾ ಬೇಡ, ಅವರು ಬಂದರೆ ಟೇಪಿನ ಮೇಲೆ ಸೀಲು ಬೀಳುತ್ತದೆ, ಒಳಗಿನ ಗಾಳಿ ಹಾಗೇ ಇರುತ್ತದೆ. ಸೆಂಟರಿನವರೇ ಸ್ವಲ್ಪ ಮಾನ ಮರ್ಯಾದೆ ಇಟ್ಟುಕೊಳ್ಳಲಿ. ಇಲ್ಲವೇ ಬಾಗಿಲು ಹಾಕಲಿ. ಯಾರಾದರೂ ಏನಾದರೂ ಮಾಡಿ. ಕೊನೆಪಕ್ಷ ಆ ಅನಲೈಸರಿಗೆ ಒಂದು ಬ್ಯಾಟರಿ ತಂದು ಹಾಕಿ. ಟಾರ್ಚಿನವರು ತಮ್ಮದನ್ನು ವಾಪಸ್ ತೆಗೆದುಕೊಂಡು ಹೋಗಿದ್ದಾರೆ.

ಇಂತಿ,
ದೋಣಿ ತಪ್ಪಿಸಿಕೊಂಡ ಓದುಗ